ಒಂದೇ ಗಾಜಿನ ಮೇಲೆ ಎರಡು ವಯಸ್ಸು

ಅಂಗಾಂಶಕ್ಕೆ ಬಣ್ಣ ಹಾಕಲು ಬಳಸುವ ಶಿಫ್ ದ್ರಾವಣಕ್ಕೆ ತನ್ನದೇ ಬಣ್ಣವಿಲ್ಲ. ಬಾಟಲಿಯಲ್ಲಿ ನೀರಿನಂತೆಯೇ ಕಾಣುತ್ತದೆ, ಮುಚ್ಚಳ ತೆಗೆದರೆ ಗಂಧಕದ ಘಾಟು ಮಾತ್ರ ಮೂಗಿಗೆ ತಾಗುತ್ತದೆ. ಐದು ಮೈಕ್ರೋಮೀಟರ್ ದಪ್ಪಕ್ಕೆ ಕತ್ತರಿಸಿದ ಅಂಗಾಂಶವನ್ನು ಗಾಜಿನ ಸ್ಲೈಡಿಗೆ ಹತ್ತಿಸಿ, ಮೇಣ ಕಳೆದು, ಪೀರಿಯಾಡಿಕ್ ಆಮ್ಲದಲ್ಲಿ ಕೆಲವು ನಿಮಿಷ ಇಡುತ್ತೇವೆ. ತೊಳೆದು ಈ ದ್ರಾವಣದಲ್ಲಿ ಕಾಲು ಗಂಟೆ ಮುಳುಗಿಸುತ್ತೇವೆ. ಆಮೇಲೆ ಹರಿಯುವ ನೀರಿಗೆ ಹಿಡಿದಾಗ ಬಣ್ಣ ಏಳುತ್ತದೆ, ಕಡುಗುಲಾಬಿ. ಆಮ್ಲವು ಸಕ್ಕರೆಯ ಉಂಗುರವನ್ನು ಸೀಳಿ ಆಲ್ಡಿಹೈಡ್ ಎಂಬ ತುದಿಗಳನ್ನು ಹೊರಗೆ ಮಾಡಿರುತ್ತದೆ, ದ್ರಾವಣ ಆ ತುದಿಗಳನ್ನು ಹಿಡಿದುಕೊಂಡು ಬಣ್ಣವಾಗುತ್ತದೆ. 1940ರ ದಶಕದಲ್ಲಿ ರೂಢಿಗೆ ಬಂದ ಈ ವಿಧಾನವನ್ನು ಪ್ರಯೋಗಾಲಯದಲ್ಲಿ ಪಿಎಎಸ್ (ಪೀರಿಯಾಡಿಕ್ ಆಸಿಡ್ ಶಿಫ್) ಎಂದು ಕರೆಯುತ್ತೇವೆ.

ಮೂವತ್ತು ವರ್ಷಗಳ ಹತ್ತಿರ ಅಂಗಾಂಶಗಳಿಗೆ ಬಣ್ಣ ಹಾಕಿದವನು ನಾನು. ವೃಷಣದ ತುಂಡು ಬಂದರೆ ಡಬ್ಬಿಯನ್ನು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಕೆಡದಂತೆ ಉಳಿದ ಅಂಗಾಂಶಗಳು ಫಾರ್ಮಲಿನ್‌ನಲ್ಲಿ ಬಂದರೆ ಇದು ಬೌಯಿನ್ ದ್ರಾವಣದ ಹಳದಿಯಲ್ಲಿ ಮುಳುಗಿ ಬರುತ್ತಿತ್ತು. ಫಾರ್ಮಲಿನ್ ಈ ಮೆತ್ತನೆಯ ಅಂಗಾಂಶವನ್ನು ಕುಗ್ಗಿಸಿ ಒಳಗಿನ ಜೋಡಣೆಯನ್ನು ಕೆಡಿಸುತ್ತದೆ. ಹಳದಿಯನ್ನೆಲ್ಲ ತೊಳೆದು ಪಿಎಎಸ್ ಹಾಕಿದರೆ ಎರಡು ಜಾಗಗಳು ಎದ್ದು ಕಾಣುತ್ತವೆ. ವೀರ್ಯಾಣು ತಯಾರಾಗುವ ನಾಳಗಳ ಒಳಗೆ, ಬೆಳೆಯುತ್ತಿರುವ ಕೋಶಗಳ ತಲೆಯ ಮೇಲೆ ಪುಟ್ಟ ಟೊಪ್ಪಿಗೆಗಳು. ಮತ್ತು ಪ್ರತಿಯೊಂದು ನಾಳದ ಸುತ್ತ ತೆಳುವಾದ ಗೆರೆ, ಅದರ ಗೋಡೆ. ಎರಡೂ ಒಂದೇ ಬಣ್ಣ. ಬಹಳ ವರ್ಷ ಅವನ್ನು ಒಂದೇ ಸಂಗತಿಯೆಂಬಂತೆ ನೋಡಿದೆ. ಅವುಗಳಿಗೆ ಎರಡು ಬೇರೆ ಬೇರೆ ವಯಸ್ಸಿದೆ ಎಂಬುದು ನನಗೂ ವಯಸ್ಸಾಗುತ್ತ ಬಂದಾಗ ಹೊಳೆಯಿತು.

ಈ ಬರಹ ಆ ಎರಡು ವಯಸ್ಸುಗಳ ಬಗ್ಗೆ.

ನಮ್ಮ ಭಾಷೆಯಲ್ಲಿ ದೇಹದ ಜೊತೆ ಸಕ್ಕರೆ ಎಂಬ ಮಾತು ಸೇರಿದ ಕೂಡಲೇ ಅದು ಕಾಯಿಲೆಯ ಹೆಸರಾಗುತ್ತದೆ. ‘ಅವರಿಗೆ ಸಕ್ಕರೆ ಇದೆ’ ಎಂದರೆ ಬೇರೆ ವಿವರಣೆ ಬೇಕಿಲ್ಲ. ನಾನು ಹೇಳುತ್ತಿರುವುದು ರಕ್ತದಲ್ಲಿ ಅಳೆಯುವ ಆ ಗ್ಲೂಕೋಸನ್ನು ಮಾತ್ರವಲ್ಲ. ನಮ್ಮ ಪ್ರತಿಯೊಂದು ಜೀವಕೋಶದ ಮೈಮೇಲೂ ಸಕ್ಕರೆಯ ಸರಪಳಿಗಳ ಒಂದು ಹೊದಿಕೆಯಿದೆ. ಪ್ರೋಟೀನುಗಳಿಗೂ ಕೊಬ್ಬಿನ ಅಣುಗಳಿಗೂ ಅಂಟಿಕೊಂಡ ಈ ಸರಪಳಿಗಳಿಗೆ ಗ್ಲೈಕಾನ್ ಎನ್ನುತ್ತಾರೆ. ಗ್ಯಾಲಕ್ಟೋಸ್, ಮ್ಯಾನೋಸ್, ಫ್ಯೂಕೋಸ್ ಮುಂತಾದ ಸುಮಾರು ಹತ್ತು ಬಗೆಯ ಸಣ್ಣ ಸಕ್ಕರೆಗಳನ್ನು ಬೇರೆ ಬೇರೆ ಕ್ರಮದಲ್ಲಿ, ಬೇರೆ ಬೇರೆ ಕವಲುಗಳಲ್ಲಿ ಜೋಡಿಸಿ ದೇಹ ಇವನ್ನು ಕಟ್ಟುತ್ತದೆ. ತುದಿಯಲ್ಲಿ ಎಷ್ಟೋ ಸಲ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಕುಳಿತಿರುತ್ತದೆ, ಅದಕ್ಕೆ ಋಣ ವಿದ್ಯುದಂಶವಿದೆ. ಈ ಸರಪಳಿಗಳ ಮಹತ್ವ ತಿಳಿಯಲು ರಕ್ತದ ಗುಂಪನ್ನು ನೆನೆದರೆ ಸಾಕು. ಎ ಗುಂಪಿನವರಿಗೂ ಬಿ ಗುಂಪಿನವರಿಗೂ ಇರುವ ವ್ಯತ್ಯಾಸ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆ. ಆ ಒಂದು ತುದಿ ತಪ್ಪಿದ ರಕ್ತವನ್ನು ಕೊಟ್ಟರೆ ಜೀವ ಹೋಗಬಹುದು.

ಇನ್ನು ಆ ಟೊಪ್ಪಿಗೆಗಳ ವಿಷಯ. ವೀರ್ಯಾಣುವಿನ ತಲೆಯ ಮೇಲಿರುವ ಆ ಚೀಲಕ್ಕೆ ಆಕ್ರೋಸೋಮ್ ಎಂದು ಹೆಸರು. ಕೋಶದೊಳಗಿನ ಗಾಲ್ಜಿ ಎಂಬ ಅಂಗಕ ಅದನ್ನು ಕಟ್ಟುತ್ತದೆ. ಅದರ ತುಂಬ ಸಕ್ಕರೆ ಹೊತ್ತ ಪ್ರೋಟೀನುಗಳು, ಮುಂದೆ ಅಂಡಾಣುವಿನ ಹೊದಿಕೆಯ ಬಳಿ ಬೇಕಾಗುವಂಥವು. 1952ರಲ್ಲಿ ಲೆಬ್ಲಾಂಡ್ ಮತ್ತು ಕ್ಲೆರ್ಮಾಂಟ್ ಎಂಬ ವಿಜ್ಞಾನಿಗಳು ಇದೇ ಗುಲಾಬಿ ಟೊಪ್ಪಿಗೆಯ ಆಕಾರವನ್ನೇ ಗಡಿಯಾರದ ಮುಳ್ಳಿನಂತೆ ಬಳಸಿದರು. ಮೊದಲು ಚುಕ್ಕೆ, ಆಮೇಲೆ ಬಟ್ಟಲು, ಆಮೇಲೆ ತಲೆಯನ್ನು ಆವರಿಸುವ ಟೊಪ್ಪಿಗೆ, ಕೊನೆಗೆ ಉದ್ದವಾಗಿ ಚಾಚಿದ ಕವಚ. ಇದನ್ನು ಆಧಾರವಾಗಿಟ್ಟು ಇಲಿಯ ವೃಷಣದ ನಾಳದಲ್ಲಿ ನಡೆಯುವ ಆವರ್ತವನ್ನು 14 ಹಂತಗಳಾಗಿ ವಿಂಗಡಿಸಿದರು. ಮನುಷ್ಯರಲ್ಲಿ ಅಂಥ ಆರು ಹಂತಗಳನ್ನು ಆಮೇಲೆ ಗುರುತಿಸಲಾಯಿತು. ಮನುಷ್ಯನ ವೀರ್ಯಾಣು ವೃಷಣದಲ್ಲಿ ರೂಪುಗೊಳ್ಳಲು ಸುಮಾರು 74 ದಿನ ಬೇಕು ಎಂಬ ಲೆಕ್ಕವೂ 1960ರ ದಶಕದಲ್ಲಿ ಅದೇ ದಾರಿಯಲ್ಲಿ ಸಿಕ್ಕಿತು. ಜೀವಶಾಸ್ತ್ರದ ಇಷ್ಟು ಮುಖ್ಯವಾದ ಲೆಕ್ಕವೊಂದು ಸಕ್ಕರೆಯ ಬಣ್ಣದ ಮೇಲೆ ನಿಂತಿದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಅಂದರೆ ಟೊಪ್ಪಿಗೆಯ ಸಕ್ಕರೆ ಯಾವಾಗಲೂ ಹೊಸದು. ಇಪ್ಪತ್ತರ ಹುಡುಗನಲ್ಲಾಗಲಿ ಎಪ್ಪತ್ತರ ಮುದುಕನಲ್ಲಾಗಲಿ ಅದು ಕೆಲವೇ ವಾರಗಳ ಹಿಂದೆ ಕಟ್ಟಿದ್ದು. ಗೋಡೆ ಹಾಗಲ್ಲ.

ನಾಳದ ಗೋಡೆಯಲ್ಲಿರುವ ಆಧಾರ ಪೊರೆ ಕೊಲಾಜೆನ್, ಲ್ಯಾಮಿನಿನ್ ಎಂಬ ಪ್ರೋಟೀನುಗಳಿಂದ ಮತ್ತು ಹೆಪರಾನ್ ಸಲ್ಫೇಟ್ ಎಂಬ ಉದ್ದನೆಯ ಸಕ್ಕರೆ ಸರಪಳಿಗಳನ್ನು ಹೊತ್ತ ಪ್ರೋಟೀನುಗಳಿಂದ ನೇಯ್ದದ್ದು. ಇದು ನಿಧಾನವಾಗಿ ಬದಲಾಗುವ ವಸ್ತು. ದೇಹದ ಕೊಲಾಜೆನ್‌ಗಳು ಎಷ್ಟು ನಿಧಾನ ಎಂಬುದಕ್ಕೆ ಒಂದು ಅಂದಾಜು: ಚರ್ಮದ ಕೊಲಾಜೆನ್‌ನ ಅರ್ಧಭಾಗ ಬದಲಾಗಲು ಸುಮಾರು 15 ವರ್ಷ ಬೇಕು, ಕೀಲಿನ ಮೃದ್ವಸ್ಥಿಯಲ್ಲಿ ನೂರು ವರ್ಷವೂ ಸಾಲದು. ಆಧಾರ ಪೊರೆಯ ಮೇಲೆ ಕುಳಿತಿರುವ ಸರ್ಟೋಲಿ ಕೋಶಗಳೂ ಹಳೆಯ ನಿವಾಸಿಗಳೇ. ವೀರ್ಯಾಣುಗಳನ್ನು ಸಾಕಿ ಬೆಳೆಸುವ ಈ ಕೋಶಗಳು ಪ್ರೌಢಾವಸ್ಥೆಗೆ ಬರುವ ಹೊತ್ತಿಗೆ ವಿಭಜನೆ ನಿಲ್ಲಿಸಿಬಿಡುತ್ತವೆ. ಆಮೇಲೆ ಜೀವನದುದ್ದಕ್ಕೂ ಇದ್ದಷ್ಟೇ, ವಯಸ್ಸಾದಂತೆ ಅವುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ.

ನನ್ನ ಮಗಳು ಹುಟ್ಟಿದಾಗ ನನಗೆ 44. ಆ ದಿನಗಳಲ್ಲಿ ಒಂದು ಮಧ್ಯಾಹ್ನ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದಾಗ ಈ ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ಅವಳ ಅರ್ಧಭಾಗಕ್ಕೆ ಕಾರಣವಾದ ಕೋಶಕ್ಕೆ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಅದು ಬೆಳೆದ ಮನೆಗೆ ನಲವತ್ತನಾಲ್ಕು ವರ್ಷ. ಮಗು ಹಳೆಯ ಮನೆಯಲ್ಲಿ ಹುಟ್ಟಿದರೆ ಮಗುವೇನೂ ಹಳೆಯದಾಗುವುದಿಲ್ಲ, ಆದರೆ ಸೂರು ಸೋರಿದರೆ ನೆನೆಯುವುದು ಮಗುವೇ. ಆ ಮನೆಗೂ ಮಗುವಿಗೂ ನಡುವೆ ಮುಟ್ಟುವ ಕೈ ಯಾವುದು ಎಂದು ಹುಡುಕಿದರೆ ಅಲ್ಲಿರುವುದು ಬಹುಮಟ್ಟಿಗೆ ಸಕ್ಕರೆ.

ಇಲ್ಲೊಂದು ಮಾತನ್ನು ಸರಿಯಾಗಿ ಹೇಳಬೇಕು. ಆ ಕೋಶ ಹೊಸದಾದರೂ ಅದರ ವಂಶ ಹಳೆಯದು. ವೀರ್ಯಾಣುಗಳನ್ನು ಹುಟ್ಟಿಸುವ ಮೂಲಕೋಶಗಳು ವರ್ಷವರ್ಷವೂ ವಿಭಜಿಸುತ್ತಲೇ ಬಂದಿರುತ್ತವೆ, ಪ್ರತಿ ನಕಲಿನಲ್ಲೂ ಅಕ್ಷರದೋಷಕ್ಕೆ ಅವಕಾಶವಿದೆ. ಐಸ್‌ಲ್ಯಾಂಡಿನ ಕುಟುಂಬಗಳ ಜೀನೋಮ್ ಓದಿ 2012ರಲ್ಲಿ ಪ್ರಕಟವಾದ ಅಧ್ಯಯನ, ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿಗೆ ಸುಮಾರು ಎರಡು ಹೊಸ ಬದಲಾವಣೆಗಳು ಹೆಚ್ಚಾಗಿ ದಾಟುತ್ತವೆ ಎಂದು ತೋರಿಸಿತು. ಡಿಎನ್‌ಎಯ ಈ ಕಥೆಯನ್ನು ಎಲ್ಲರೂ ಬರೆಯುತ್ತಾರೆ, ಬರೆಯಬೇಕಾದದ್ದೇ. ಸಕ್ಕರೆಯ ಕಥೆಯನ್ನು ಬರೆಯುವವರು ಕಡಿಮೆ.

ಅದಕ್ಕೊಂದು ಕಾರಣವೂ ಇದೆ. ಪ್ರೋಟೀನಿನ ಅಕ್ಷರಮಾಲೆ ಜೀನಿನಲ್ಲಿ ನೇರವಾಗಿ ಬರೆದಿರುತ್ತದೆ, ಸಕ್ಕರೆ ಸರಪಳಿ ಎಲ್ಲಿಯೂ ಬರೆದಿರುವುದಿಲ್ಲ. ಜೀನುಗಳು ಕೊಡುವುದು ಕೆಲಸಗಾರರನ್ನು ಮಾತ್ರ, ಅಂದರೆ ಸಕ್ಕರೆಯನ್ನು ಜೋಡಿಸುವ ಮತ್ತು ಕತ್ತರಿಸುವ ಕಿಣ್ವಗಳನ್ನು. ಮನುಷ್ಯನಲ್ಲಿ ಜೋಡಿಸುವ ಕಿಣ್ವಗಳೇ ಸುಮಾರು ಇನ್ನೂರು. ಪ್ರೋಟೀನು ಗಾಲ್ಜಿಯ ಮೂಲಕ ಸಾಗುವಾಗ ಯಾವ ಕಿಣ್ವ ಎಷ್ಟಿತ್ತು, ಯಾವ ಸಕ್ಕರೆಯ ದಾಸ್ತಾನು ಹೇಗಿತ್ತು, ಸಾಗುವ ವೇಗ ಎಷ್ಟಿತ್ತು, ಇವೆಲ್ಲ ಸೇರಿ ಆ ದಿನದ ಸರಪಳಿಯನ್ನು ತೀರ್ಮಾನಿಸುತ್ತವೆ. ಹಾಗಾಗಿ ಜೀನು ಒಂದಕ್ಷರವೂ ಬದಲಾಗದೆ ಸಕ್ಕರೆ ಬದಲಾಗಬಹುದು. ವಯಸ್ಸು ಮೊದಲು ಕೈಯಿಡುವುದು ಇಂಥ ಜಾಗಗಳಲ್ಲೇ. ರಕ್ತದಲ್ಲಿರುವ ಐಜಿಜಿ ಎಂಬ ಪ್ರತಿಕಾಯದ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟ. ಅದರ ಸರಪಳಿಯ ತುದಿಯ ಗ್ಯಾಲಕ್ಟೋಸ್ ವಯಸ್ಸಾದಂತೆ ಕಡಿಮೆಯಾಗುತ್ತ ಹೋಗುತ್ತದೆ ಎಂಬುದು 1980ರ ದಶಕದಿಂದಲೇ ಗೊತ್ತು, ಈಗ ಅದನ್ನು ನೋಡಿಯೇ ಮನುಷ್ಯನ ವಯಸ್ಸನ್ನು ಅಂದಾಜು ಮಾಡುತ್ತಾರೆ.

ವೃಷಣದಲ್ಲಿ ಈ ಸರಪಳಿಗಳು ಅಲಂಕಾರಕ್ಕಲ್ಲ. 2002ರಲ್ಲಿ ನಡೆದ ಒಂದು ಪ್ರಯೋಗವನ್ನು ನಾನು ಮರೆಯಲಾರೆ. ಮ್ಯಾನೋಸಿಡೇಸ್ ಗುಂಪಿನ ಒಂದು ಕಿಣ್ವವಿಲ್ಲದ ಇಲಿಮರಿಗಳನ್ನು ವಿಜ್ಞಾನಿಗಳು ಪಡೆದರು. ಹೆಣ್ಣುಗಳು ಚೆನ್ನಾಗಿದ್ದವು, ಗಂಡುಗಳು ಬಹುತೇಕ ಬಂಜೆಯಾಗಿದ್ದವು. ಬೆಳೆಯುತ್ತಿರುವ ಕೋಶಗಳ ಮೈಮೇಲೆ ಇರಬೇಕಾದ, ತುದಿಯಲ್ಲಿ ಎನ್-ಅಸಿಟೈಲ್‌ಗ್ಲೂಕೋಸಮೈನ್ ಹೊತ್ತ ಒಂದು ಸರಪಳಿ ಅಲ್ಲಿರಲಿಲ್ಲ. ಆ ಸರಪಳಿಯೇ ಸರ್ಟೋಲಿ ಕೋಶವನ್ನು ಹಿಡಿದುಕೊಳ್ಳುವ ಕೈಯಾಗಿತ್ತು. ಹಿಡಿತ ತಪ್ಪಿದ ಕೋಶಗಳು ಬಲಿಯುವ ಮುನ್ನವೇ ಉದುರಿಹೋಗುತ್ತಿದ್ದವು. ವಯಸ್ಸಾದ ಗಂಡಸರ ವೃಷಣದಲ್ಲೂ ಬಲಿಯದ ಕೋಶಗಳು ನಾಳದ ನಡುವಿಗೆ ಉದುರಿ ಬಿದ್ದಿರುವುದನ್ನು ಅಂಗಾಂಶ ತಜ್ಞರು ವರ್ಣಿಸಿದ್ದಾರೆ, ನಾನೂ ಕಂಡಿದ್ದೇನೆ. ಈ ಎರಡನ್ನು ಒಂದೇ ಗಂಟಿನಲ್ಲಿ ಕಟ್ಟುವ ಆತುರ ನನಗಿಲ್ಲ. ಉದುರುವುದಕ್ಕೆ ಹಾರ್ಮೋನಿನ ಕೊರತೆಯೂ ರಕ್ತದ ಹರಿವೂ ಕಾರಣವಾಗಬಹುದು. ಆದರೆ ಹಿಡಿದುಕೊಳ್ಳುವ ಕೆಲಸ ಸಕ್ಕರೆಯದು ಎಂದು ತಿಳಿದ ಮೇಲೆ ಆ ಉದುರಿದ ಕೋಶಗಳನ್ನು ಮೊದಲಿನಂತೆ ನೋಡಲು ಆಗುವುದಿಲ್ಲ.

ಆತುರದ ಬಗ್ಗೆ ನನಗೆ ಪಾಠ ಹೇಳಿದವರು ನನಗೆ ಬಣ್ಣ ಹಾಕುವುದನ್ನು ಕಲಿಸಿದ ಹಿರಿಯರು. ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಆಗ ನಮ್ಮಲ್ಲಿ ಲೆಕ್ಟಿನ್‌ಗಳಿಂದ ಬಣ್ಣ ಹಾಕುವ ಕೆಲಸ ಶುರುವಾಗಿತ್ತು. ಲೆಕ್ಟಿನ್ ಎಂದರೆ ನಿರ್ದಿಷ್ಟ ಸಕ್ಕರೆಯನ್ನು ಆರಿಸಿ ಹಿಡಿಯುವ ಪ್ರೋಟೀನು. ಆರಿಸು ಎಂಬ ಅರ್ಥದ ಲ್ಯಾಟಿನ್ ಪದದಿಂದ 1954ರಲ್ಲಿ ಈ ಹೆಸರು ಬಂತು, 1888ರಲ್ಲಿ ಹರಳು ಬೀಜದಲ್ಲಿ ಇಂಥ ಪ್ರೋಟೀನನ್ನು ಮೊದಲು ಕಂಡವರು ಸ್ಟಿಲ್‌ಮಾರ್ಕ್. ಗೋಧಿಯ ಮೊಳಕೆಭಾಗದ ಲೆಕ್ಟಿನ್ ಸಿಯಾಲಿಕ್ ಆಮ್ಲವನ್ನೂ ಗ್ಲೂಕೋಸಮೈನ್ ಜಾತಿಯ ಸಕ್ಕರೆಯನ್ನೂ ಹಿಡಿಯುತ್ತದೆ, ಕಡಲೆಕಾಯಿಯದು ಗ್ಯಾಲಕ್ಟೋಸ್ ಇರುವ ಒಂದು ಜೋಡಿಯನ್ನು. ಪಿಎಎಸ್ ‘ಇಲ್ಲಿ ಸಕ್ಕರೆ ಇದೆ’ ಎಂದಷ್ಟೇ ಹೇಳಿದರೆ ಲೆಕ್ಟಿನ್ ‘ಇಲ್ಲಿ ಇಂಥದೇ ಸಕ್ಕರೆ ಇದೆ’ ಎನ್ನುತ್ತದೆ. ಒಬ್ಬ ವೃದ್ಧರ ಅಂಗಾಂಶದಲ್ಲಿ ಬಣ್ಣ ಮಂಕಾಗಿ ಬಂದಿತ್ತು. ವಯಸ್ಸಿನಿಂದ ಸಕ್ಕರೆ ಕಡಿಮೆಯಾಗಿದೆ ಎಂದು ಬರೆದು ಹಿರಿಯರ ಮುಂದೆ ಇಟ್ಟೆ.

ಅವರು ಸ್ಲೈಡನ್ನು ಬಹಳ ಹೊತ್ತು ನೋಡಿದರು. “ಬಣ್ಣ ಕಡಿಮೆಯಾಗಿದೆ, ಸರಿ. ಕೋಶಗಳನ್ನು ಎಣಿಸಿದ್ದೀಯಾ?”

“ಇಲ್ಲ ಸರ್.”

“ಮನೆಯಲ್ಲಿ ದೀಪ ಮಂಕಾಗಿದೆಯೋ, ದೀಪ ಹಚ್ಚುವವರೇ ಕಡಿಮೆಯಾಗಿದ್ದಾರೋ? ಮೊದಲು ಅದನ್ನು ನೋಡು.”

ಎಣಿಸಿದೆ. ಟೊಪ್ಪಿಗೆ ಹೊತ್ತ ಕೋಶಗಳೇ ಬಹಳ ಕಡಿಮೆ ಇದ್ದವು. ಇದ್ದ ಕೋಶಗಳಲ್ಲಿ ಬಣ್ಣ ಸರಿಯಾಗಿಯೇ ಇತ್ತು. ಇನ್ನೊಂದು ಎಡವಟ್ಟಿನ ಬಗ್ಗೆಯೂ ಅವರು ಅಂದೇ ಎಚ್ಚರಿಸಿದರು. ಕಡಲೆಕಾಯಿಯ ಲೆಕ್ಟಿನ್‌ಗೆ ಗ್ಯಾಲಕ್ಟೋಸ್ ಕಾಣುವುದು ಅದರ ಮೇಲೆ ಸಿಯಾಲಿಕ್ ಆಮ್ಲ ಕುಳಿತಿಲ್ಲದಿದ್ದರೆ ಮಾತ್ರ. ಹಾಗಾಗಿ ಬಣ್ಣ ಹೆಚ್ಚಾದರೆ ಗ್ಯಾಲಕ್ಟೋಸ್ ಹೆಚ್ಚಾಯಿತು ಎಂದೇ ಅರ್ಥವಲ್ಲ, ಮೇಲಿನ ಮುಚ್ಚಳ ಕಳಚಿರಬಹುದು. ವಯಸ್ಸು ಮತ್ತು ಸಕ್ಕರೆಯ ಬಗ್ಗೆ ಬರುವ ಯಾವುದೇ ವರದಿಯನ್ನು ಓದುವಾಗ ಇಂದಿಗೂ ನಾನು ಮೊದಲು ಹುಡುಕುವುದು ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು.

ಈಗ ಗೋಡೆಗೆ ಬರುತ್ತೇನೆ, ಏಕೆಂದರೆ ವಯಸ್ಸು ತನ್ನ ಗುರುತನ್ನು ಎಲ್ಲಕ್ಕಿಂತ ಢಾಳಾಗಿ ಒತ್ತಿರುವುದು ಅಲ್ಲಿಯೇ. ಯುವಕರ ಸ್ಲೈಡಿನಲ್ಲಿ ನಾಳದ ಸುತ್ತಲಿನ ಗುಲಾಬಿ ಗೆರೆ ಪೆನ್ಸಿಲಿನಲ್ಲಿ ಎಳೆದಂತಿರುತ್ತದೆ. ವಯಸ್ಸಾದವರಲ್ಲಿ ಅದು ಪಟ್ಟಿಯಾಗುತ್ತದೆ, ಕೆಲವೆಡೆ ಮಡಿಕೆ ಮಡಿಕೆಯಾಗಿ ಒಳಕ್ಕೆ ಬಾಗುತ್ತದೆ. ಕೊನೆಗೆ ಕೆಲವು ನಾಳಗಳು ಪೂರ್ತಿ ಮುಚ್ಚಿಹೋಗಿ ಕೋಶವೇ ಇಲ್ಲದ ಗುಲಾಬಿ ಗಂಟುಗಳಾಗುತ್ತವೆ. ವಿಶೇಷವೆಂದರೆ ಇದು ಎಲ್ಲ ಕಡೆ ಒಂದೇ ಸಮನಾಗಿ ನಡೆಯುವುದಿಲ್ಲ. ಮುಚ್ಚಿಹೋದ ನಾಳದ ಪಕ್ಕದಲ್ಲೇ ಚೆನ್ನಾಗಿ ಕೆಲಸ ಮಾಡುವ ನಾಳವಿರುತ್ತದೆ. ಗಂಡಸರಲ್ಲಿ ಸಂತಾನಶಕ್ತಿ ಒಂದು ದಿನ ಥಟ್ಟನೆ ನಿಲ್ಲದೆ ಅಂಚಂಚಾಗಿ ಸವೆಯುವುದು ಏಕೆ ಎಂಬುದನ್ನು ಆ ಒಂದು ನೋಟವೇ ಹೇಳಿಬಿಡುತ್ತದೆ. 30 ವರ್ಷದವರನ್ನು 50 ವರ್ಷದವರೊಡನೆ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ 2001ರ ಒಂದು ವಿಮರ್ಶೆಯ ಪ್ರಕಾರ ವೀರ್ಯದ ಪ್ರಮಾಣ 3ರಿಂದ 22 ಶೇಕಡದಷ್ಟು, ವೀರ್ಯಾಣುಗಳ ಚಲನೆ 3ರಿಂದ 37 ಶೇಕಡದಷ್ಟು ಇಳಿಯುತ್ತದೆ. ಅಂಕಿಗಳ ಆ ಅಗಲವನ್ನು ಗಮನಿಸಿ. ಎಲ್ಲರಿಗೂ ಒಂದೇ ವೇಗದಲ್ಲಿ ವಯಸ್ಸಾಗುವುದಿಲ್ಲ.

ಗೋಡೆಯ ಹೆಪರಾನ್ ಸಲ್ಫೇಟ್ ಸರಪಳಿಗಳಿಗೆ ಪಿಎಎಸ್ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಗಂಧಕದ ಗುಂಪುಗಳನ್ನು ಹೊತ್ತ ಅವನ್ನು ಕಾಣಲು ಆಲ್ಸಿಯನ್ ನೀಲಿ ಎಂಬ ಇನ್ನೊಂದು ಬಣ್ಣ ಬೇಕು. ಅವುಗಳ ಕೆಲಸ ಗೋಡೆಯನ್ನು ಗಟ್ಟಿ ಮಾಡುವುದಷ್ಟೇ ಅಲ್ಲ. ಬೆಳವಣಿಗೆಯ ಸಂಕೇತ ಹೊತ್ತ ಪ್ರೋಟೀನುಗಳನ್ನು ಹಿಡಿದಿಟ್ಟುಕೊಂಡು ಬೇಕಾದ ಕೋಶಕ್ಕೆ ತಲುಪಿಸುವುದೂ ಅವುಗಳ ಪಾಲಿನದು. ಸರ್ಟೋಲಿ ಕೋಶಗಳು ಸ್ರವಿಸುವ ಜಿಡಿಎನ್‌ಎಫ್ ಎಂಬ ಪ್ರೋಟೀನು ಅಂಥದೊಂದು. ವೀರ್ಯಾಣುಗಳ ಮೂಲಕೋಶ ಮೂಲಕೋಶವಾಗಿಯೇ ಉಳಿಯಬೇಕಾದರೆ ಅದು ಬೇಕೇ ಬೇಕು, ಮತ್ತು ಅದು ಹೆಪರಾನ್ ಸಲ್ಫೇಟಿಗೆ ಅಂಟಿಕೊಳ್ಳುತ್ತದೆ. ಮೂಲಕೋಶಗಳು ಕುಳಿತಿರುವುದು ಗೋಡೆಗೆ ತಾಗಿಕೊಂಡೇ. ಗೋಡೆ ಬದಲಾದರೆ ಅವುಗಳ ಕಿವಿಗೆ ಬೀಳುವ ಮಾತೇ ಬದಲಾಗುತ್ತದೆ.

2006ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದನ್ನು ಇಲ್ಲಿ ಹೇಳಲೇಬೇಕು. ಮುದಿ ಗಂಡು ಇಲಿಯಲ್ಲಿ ವೀರ್ಯೋತ್ಪಾದನೆ ಕುಸಿದಾಗ ತಪ್ಪು ಮೂಲಕೋಶದ್ದೋ, ಅದರ ನೆಲೆಯದೋ? ಸಂಶೋಧಕರು ಮೂಲಕೋಶಗಳನ್ನು ಒಂದು ಎಳೆಯ ಇಲಿಯ ವೃಷಣಕ್ಕೆ ನೆಟ್ಟರು. ಮೂರು ತಿಂಗಳಾದ ಮೇಲೆ ತೆಗೆದು ಮತ್ತೊಂದು ಎಳೆಯ ಇಲಿಗೆ ನೆಟ್ಟರು. ಹೀಗೆ ಮನೆಯಿಂದ ಮನೆಗೆ, ಪ್ರತಿ ಸಲವೂ ಹೊಸ ಮನೆಗೆ ದಾಟಿಸುತ್ತ ಹೋದಾಗ ಆ ಕೋಶಗಳು ಮೂರು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡುತ್ತ ಉಳಿದವು. ಪ್ರಯೋಗಾಲಯದ ಇಲಿಯ ಆಯುಸ್ಸೇ ಸಾಮಾನ್ಯವಾಗಿ ಎರಡು ಮೂರು ವರ್ಷ. ಮೂಲಕೋಶಗಳಿಗೂ ಸವೆತವಿದೆ ಎಂದು ತೋರಿಸಿದ ಕೆಲಸಗಳಿವೆ, ಅವನ್ನು ಬದಿಗೆ ತಳ್ಳುವಂತಿಲ್ಲ. ಆದರೂ ನೆಲೆಯ ವಯಸ್ಸು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವನ್ನು ನಾನು ಓದಿಲ್ಲ.

ಗೋಡೆಯ ಮೇಲೆ ಇನ್ನೊಂದು ಬಗೆಯ ಸಕ್ಕರೆಯೂ ಸೇರುತ್ತದೆ. ಅದನ್ನು ಯಾರೂ ಕರೆದಿರುವುದಿಲ್ಲ. ರಕ್ತದ ಗ್ಲೂಕೋಸ್ ಯಾವ ಕಿಣ್ವದ ಸಹಾಯವೂ ಇಲ್ಲದೆ ತಾನಾಗಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೊದಮೊದಲು ಬಿಡಿಸಿಕೊಳ್ಳಬಹುದಾದ ಸಡಿಲ ಅಂಟು, ಆಮೇಲೆ ಗಟ್ಟಿ, ವರ್ಷಗಳು ಕಳೆದಂತೆ ಎರಡು ಎಳೆಗಳನ್ನು ಬೆಸೆದುಬಿಡುವ ಕಂದು ಗಂಟು. 1912ರಲ್ಲಿ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ ಸಕ್ಕರೆ ಮತ್ತು ಅಮೈನೋ ಆಮ್ಲಗಳನ್ನು ಒಟ್ಟಿಗೆ ಕಾಯಿಸಿದಾಗ ಕಂಡ ಕಂದು ಬಣ್ಣದ ಕ್ರಿಯೆಯೇ ಇದು, ದೇಹದ ಬಿಸಿಯಲ್ಲಿ ದಶಕಗಳ ಕಾಲ ನಡೆಯುವಂಥದು. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಯಲು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದೂ ಹೀಗೆ ಅಂಟಿದ ಸಕ್ಕರೆಯನ್ನೇ. ಕೆಂಪು ರಕ್ತಕಣ ಸುಮಾರು 120 ದಿನಕ್ಕೆ ಸಾಯುವುದರಿಂದ ಅಲ್ಲಿ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕೊಲಾಜೆನ್‌ಗೆ ಆ ಸೌಲಭ್ಯವಿಲ್ಲ, ಅದರ ಮೇಲೆ ಅಂಟಿದ್ದು ಜಮೆಯಾಗುತ್ತಲೇ ಹೋಗುತ್ತದೆ. ಬೆಸೆದುಹೋದ ಕೊಲಾಜೆನ್ ಬಿರುಸಾಗುತ್ತದೆ, ಅದನ್ನು ಕರಗಿಸಿ ಹೊಸದಾಗಿ ನೇಯುವ ಕಿಣ್ವಗಳಿಗೂ ಜಗ್ಗುವುದಿಲ್ಲ.

ಈ ಅಂಟಿನ ಅಂತಿಮ ಉತ್ಪನ್ನಗಳನ್ನು ಗುರುತಿಸಿ ಉರಿಯೂತದ ಸಂಕೇತ ಎಬ್ಬಿಸುವ ರೇಜ್ ಎಂಬ ಗ್ರಾಹಕ ಪ್ರೋಟೀನು ಮನುಷ್ಯನ ವೃಷಣ, ಎಪಿಡಿಡಿಮಿಸ್ (ವೃಷಣದಿಂದ ಹೊರಟ ವೀರ್ಯಾಣು ಹಾದುಹೋಗುವ ನಾಳ) ಮತ್ತು ವೀರ್ಯಾಣುಗಳಲ್ಲೂ ಇದೆ. ಮಧುಮೇಹವಿರುವ ಗಂಡಸರ ವೀರ್ಯಾಣುಗಳಲ್ಲಿ ಅದು ಹೆಚ್ಚಿರುವುದನ್ನೂ, ಸಾಮಾನ್ಯ ವೀರ್ಯ ಪರೀಕ್ಷೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದಿದ್ದಾಗಲೂ ಡಿಎನ್‌ಎ ಹೆಚ್ಚು ಮುರಿದಿರುವುದನ್ನೂ 2007ರ ಆಸುಪಾಸಿನ ಸಂಶೋಧನೆಗಳು ತೋರಿಸಿದವು. ಹಾಗಾಗಿ ‘ಅವರಿಗೆ ಸಕ್ಕರೆ ಇದೆ’ ಎಂಬ ಮಾತಿಗೂ ನಾನು ಹೇಳುತ್ತಿರುವ ಸಕ್ಕರೆಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಕಿಣ್ವಗಳು ಲೆಕ್ಕವಿಟ್ಟು ಜೋಡಿಸುವ ಸಕ್ಕರೆ ಒಂದು, ಹೇಳದೆ ಕೇಳದೆ ಬಂದು ಕೂರುವ ಸಕ್ಕರೆ ಇನ್ನೊಂದು. ಇವೆರಡನ್ನು ಒಂದೇ ಹೆಸರಿನಲ್ಲಿ ಕಲಸಿ ಬರೆಯುವ ಲೇಖನಗಳನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ, ಏಕೆಂದರೆ ಓದಿದವರಿಗೆ ಆಮೇಲೆ ಯಾವುದೂ ಅರ್ಥವಾಗುವುದಿಲ್ಲ.

ವೃಷಣದಿಂದ ಹೊರಟ ವೀರ್ಯಾಣು ಎಪಿಡಿಡಿಮಿಸ್ ಎಂಬ ಸುತ್ತಿಕೊಂಡ ನಾಳವನ್ನು ಹಾದುಹೋಗಬೇಕು. ಬಿಡಿಸಿದರೆ ಅದು ಆರು ಮೀಟರ್ ಉದ್ದ. ಒಳಗೆ ಹೋಗುವ ವೀರ್ಯಾಣುವಿಗೆ ಸರಿಯಾಗಿ ಈಜಲು ಬರುವುದಿಲ್ಲ, ಹೊರಬರುವಾಗ ಬರುತ್ತದೆ. ಆ ದಾರಿಯುದ್ದಕ್ಕೂ ಅದಕ್ಕೆ ಹೊಸ ಸಕ್ಕರೆಯ ಅಂಗಿ ತೊಡಿಸಲಾಗುತ್ತದೆ. ಸಿಡಿ52 ಎಂಬ ಒಂದು ಅಣುವಿನಲ್ಲಿ ಪ್ರೋಟೀನಿನ ಭಾಗ ಬರೀ 12 ಅಮೈನೋ ಆಮ್ಲ, ಉಳಿದದ್ದೆಲ್ಲ ಸಕ್ಕರೆ ಮತ್ತು ಕೊಬ್ಬಿನ ಬೇರು. ಬೀಟಾ ಡಿಫೆನ್ಸಿನ್ 126 ಎಂಬ ಇನ್ನೊಂದು ಪ್ರೋಟೀನು ಸಿಯಾಲಿಕ್ ಆಮ್ಲದ ದಟ್ಟ ಹೊದಿಕೆಯನ್ನು ತರುತ್ತದೆ. ಹೆಣ್ಣಿನ ಗರ್ಭಕಂಠದ ಲೋಳೆಯನ್ನು ದಾಟಲು ಆ ಹೊದಿಕೆ ಬೇಕು, ಅಲ್ಲಿನ ಕಾವಲು ಕೋಶಗಳ ಕಣ್ಣಿಗೆ ಪರಕೀಯವಾಗಿ ಕಾಣದಿರಲೂ ಅದು ಬೇಕು. ಈ ಪ್ರೋಟೀನಿನ ಜೀನಿನಲ್ಲಿ ಎರಡು ಅಕ್ಷರಗಳು ಬಿಟ್ಟುಹೋದ ಗಂಡಸರಿದ್ದಾರೆ. ಅವರ ವೀರ್ಯಾಣುಗಳು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿಯೇ ಈಜುತ್ತವೆ, ಎಣಿಕೆಯೂ ಸರಿಯಾಗಿರುತ್ತದೆ, ಲೋಳೆಯಂಥ ದ್ರವವನ್ನು ಮಾತ್ರ ದಾಟಲು ಕಷ್ಟಪಡುತ್ತವೆ. 2011ರಲ್ಲಿ ಇದು ಪ್ರಕಟವಾದಾಗ ನಾನು ಎರಡು ಸಲ ಓದಿದೆ. ‘ಎಲ್ಲ ನಾರ್ಮಲ್’ ಎಂಬ ವರದಿ ಹಿಡಿದು ವರ್ಷಗಟ್ಟಲೆ ಕಾದ ಎಷ್ಟು ದಂಪತಿಗಳ ಕಥೆ ಅದರಲ್ಲಿದೆಯೋ ಎನಿಸಿತು.

ಆಮೇಲೆ ಆ ಅಂಗಿಯನ್ನು ಕಳಚಲೂಬೇಕು. ಅಂಡಾಣುವಿನ ಬಳಿ ಬರುವ ಹೊತ್ತಿಗೆ ವೀರ್ಯಾಣು ಸಿಯಾಲಿಕ್ ಆಮ್ಲದ ಒಂದಷ್ಟು ಭಾಗವನ್ನು ಕಳೆದುಕೊಂಡಿರುತ್ತದೆ, ಅದನ್ನು ಕತ್ತರಿಸುವ ಕಿಣ್ವಗಳನ್ನು ತನ್ನ ಮೈಮೇಲೆಯೇ ಹೊತ್ತುಕೊಂಡಿರುತ್ತದೆ. ಅಂಡಾಣುವಿನ ಹೊದಿಕೆಯಲ್ಲಿ ವೀರ್ಯಾಣು ಮೊದಲು ಹಿಡಿಯುವುದೂ ಸಿಯಾಲಿಲ್ ಲೂಯಿಸ್ ಎಕ್ಸ್ ಎಂಬ ಸಕ್ಕರೆ ತುದಿಯನ್ನೇ ಎಂದು ಅದೇ 2011ರಲ್ಲಿ ತಿಳಿಯಿತು. ತೊಡುವುದಕ್ಕೂ ಕಳಚುವುದಕ್ಕೂ ಹೊತ್ತು ಗೊತ್ತು ಇದೆ. ಆ ಅಂಗಿಯನ್ನು ಹೊಲಿಯುವ ಎಪಿಡಿಡಿಮಿಸ್ ಟೆಸ್ಟೋಸ್ಟಿರಾನ್ ಆಸರೆಯಲ್ಲಿ ನಡೆಯುವ ಅಂಗ. ನಡುವಯಸ್ಸಿನಿಂದ ಆಚೆಗೆ ಆ ಹಾರ್ಮೋನು ವರ್ಷಕ್ಕೆ ಸುಮಾರು ಶೇಕಡ ಒಂದರಂತೆ ಇಳಿಯುತ್ತ ಹೋಗುತ್ತದೆ. ವಯಸ್ಸಾಗುವಿಕೆಯ ಅಧ್ಯಯನಕ್ಕೆ ಹೆಚ್ಚಾಗಿ ಬಳಸುವ ಬ್ರೌನ್ ನಾರ್ವೇ ಇಲಿಗಳ ಎಪಿಡಿಡಿಮಿಸ್‌ನಲ್ಲಿ ಮುಪ್ಪಿನ ಹೊತ್ತಿಗೆ ಆಧಾರ ಪೊರೆ ದಪ್ಪವಾಗಿರುತ್ತದೆ, ಕೋಶಗಳಲ್ಲಿ ಕಂದು ಕಸ ತುಂಬಿರುತ್ತದೆ. ವೃಷಣದ ಗೋಡೆಯಲ್ಲಿ ಕಂಡದ್ದೇ ಇಲ್ಲಿಯೂ.

ವೀರ್ಯದ್ರವದಲ್ಲಿ ಬಿಡಿಯಾಗಿ ತೇಲುವ ಸಕ್ಕರೆಯೂ ಇದೆ, ಫ್ರಕ್ಟೋಸ್. 1946ರಲ್ಲಿ ಥ್ಯಾಡಿಯಸ್ ಮಾನ್ ಅದನ್ನು ಗುರುತಿಸಿದರು. ಅದು ವೀರ್ಯಕೋಶಗಳೆಂಬ ಗ್ರಂಥಿಗಳಿಂದ ಬರುತ್ತದೆ, ವೀರ್ಯಾಣುವಿಗೆ ದಾರಿಯ ಇಂಧನ. ಅದೂ ಟೆಸ್ಟೋಸ್ಟಿರಾನಿಗೆ ಬದ್ಧ. ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಪಿಎಸ್‌ಎ ಎಂಬ ಪ್ರೋಟೀನಿನ ಮೇಲೂ ಒಂದು ಸಕ್ಕರೆ ಸರಪಳಿಯಿದೆ. ಆ ಗ್ರಂಥಿಗೆ ಕ್ಯಾನ್ಸರ್ ಬಂದಾಗ ಸರಪಳಿಯ ತುದಿಯ ಸಿಯಾಲಿಕ್ ಆಮ್ಲದ ಜೋಡಣೆ ಬದಲಾಗುತ್ತದೆ ಎಂಬುದನ್ನು ಹಿಡಿದು, ವಯಸ್ಸಿನ ಸಹಜ ಊತವನ್ನೂ ಕ್ಯಾನ್ಸರನ್ನೂ ಬೇರ್ಪಡಿಸುವ ಪರೀಕ್ಷೆಗಳ ಕೆಲಸ ನಡೆದಿದೆ.

ನನ್ನ ವಯಸ್ಸಿನ ಗೆಳೆಯರು ಇದನ್ನೆಲ್ಲ ಕೇಳಿ ಕೊನೆಗೆ ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆಗೆ ಬರುತ್ತಾರೆ, ತಡೆಯುವುದು ಹೇಗೆ? ಬೆಸೆದ ಗಂಟನ್ನು ಬಿಚ್ಚುತ್ತೇವೆ, ಗಂಡಸುತನವನ್ನು ಮರಳಿಸುತ್ತೇವೆ ಎಂದು ಮಾರುವ ಮಾತ್ರೆಗಳನ್ನು ನಂಬಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಗಂಡಸರ ನಾಚಿಕೆಯೇ ಮಾರುವವರ ಬಂಡವಾಳ, ಅದು ನನಗೆ ಸಿಟ್ಟು ತರಿಸುತ್ತದೆ. ರಕ್ತದ ಗ್ಲೂಕೋಸನ್ನು ಹದದಲ್ಲಿಟ್ಟರೆ ಕರೆಯದೆ ಬರುವ ಸಕ್ಕರೆ ನಿಧಾನವಾಗುತ್ತದೆ. ತಂಬಾಕಿನ ಹೊಗೆ ಅದೇ ಬಗೆಯ ಅಂಟನ್ನು ಹೆಚ್ಚಿಸುತ್ತದೆ, ಬಿಡುವುದು ಒಳ್ಳೆಯದು. ಮಗು ಬೇಕೆಂದು ಕಾಯುತ್ತಿರುವವರು ಹೆಂಡತಿಯೊಬ್ಬಳನ್ನೇ ಪರೀಕ್ಷೆಗೆ ಕಳಿಸದೆ ತಾವೂ ವೈದ್ಯರ ಎದುರು ಕೂರಬೇಕು. ಇದಿಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಕೆಲಸ ಬಿಡುವ ಮುಂಚಿನ ವಾರ ಹಳೆಯ ಸ್ಲೈಡುಗಳ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದೆ. ಕವರ್‌ಸ್ಲಿಪ್ ಅಂಚಿನಲ್ಲಿ ಅಂಟು ಹಳದಿಗಟ್ಟಿದ ಒಂದು ಸ್ಲೈಡ್ ಸಿಕ್ಕಿತು, ಚೀಟಿಯಲ್ಲಿ ವಯಸ್ಸು ಎಪ್ಪತ್ತರ ಮೇಲಿತ್ತು. ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನೋಟದ ಎಡಭಾಗದಲ್ಲಿ ಪೂರ್ತಿ ಮುಚ್ಚಿಹೋದ ಒಂದು ನಾಳ, ಬರೀ ಗುಲಾಬಿ ಗಂಟು. ಅದಕ್ಕೆ ತಾಗಿಕೊಂಡೇ, ದಪ್ಪ ಗೋಡೆಯ ಇನ್ನೊಂದು ನಾಳ. ಅದರೊಳಗೆ ಆಗಷ್ಟೇ ಕಟ್ಟಿಕೊಳ್ಳುತ್ತಿದ್ದ ಟೊಪ್ಪಿಗೆಗಳು, ಕೆಲವು ಇನ್ನೂ ಚುಕ್ಕೆಯ ಹಂತದಲ್ಲಿದ್ದವು. ಮೇಜಿನ ಖಾನೆಯಿಂದ ಎಣಿಕೆಯ ಗುಂಡಿಯಂತ್ರವನ್ನು ತೆಗೆದು, ಸೊನ್ನೆಗೆ ತಿರುಗಿಸಿ, ಮೇಲಿನ ಎಡ ಮೂಲೆಯಿಂದ ಎಣಿಸತೊಡಗಿದೆ.